ಹನ್ನೊಂದು ಹಾಸಿಗೆ, ಅಡವಿಟ್ಟ ಮನೆ: ಮದುರೈನ ಅರವಿಂದ ಕಣ್ಣಾಸ್ಪತ್ರೆ ಬೆಳೆದ ಬಗೆ

1976ರಲ್ಲಿ ಮದುರೈನ ಸರ್ಕಾರಿ ಸೇವೆಯಿಂದ ಒಬ್ಬ ಕಣ್ಣಿನ ವೈದ್ಯರು ನಿವೃತ್ತರಾದರು. ಹೆಸರು ಡಾ. ಜಿ. ವೆಂಕಟಸ್ವಾಮಿ. ವಯಸ್ಸು 58. ಸಂಧಿವಾತದಿಂದ ಕೈಬೆರಳುಗಳು ಸೊಟ್ಟಗಾಗಿದ್ದವು. ಮದುವೆ ಆಗಿರಲಿಲ್ಲ. ಹೇಳಿಕೊಳ್ಳುವಂಥ ಆಸ್ತಿ ಇರಲಿಲ್ಲ. ಅದೇ ವರ್ಷ ಅವರು ಮದುರೈನಲ್ಲೇ ಒಂದು ಮನೆಯಲ್ಲಿ 11 ಹಾಸಿಗೆಯ ಕಣ್ಣಾಸ್ಪತ್ರೆ ಶುರು ಮಾಡಿದರು. ಶ್ರೀ ಅರವಿಂದರ ಮೇಲೆ ಅವರಿಗೆ ಬಹಳ ಶ್ರದ್ಧೆ. ಹಾಗಾಗಿ ಆಸ್ಪತ್ರೆಗೂ ಅದೇ ಹೆಸರು.

ಈಗ ಅರವಿಂದ ಕಣ್ಣಾಸ್ಪತ್ರೆ ಜಗತ್ತಿನಲ್ಲೇ ಅತಿ ಹೆಚ್ಚು ಕಣ್ಣಿನ ಆಪರೇಷನ್ ಮಾಡುವ ಸಂಸ್ಥೆಗಳಲ್ಲಿ ಒಂದು. ಅಲ್ಲಿ ಆಪರೇಷನ್ ಆಗುವ ಅರ್ಧದಷ್ಟು ಜನ ದುಡ್ಡೇ ಕೊಡುವುದಿಲ್ಲ, ಇಲ್ಲವೇ ತೀರಾ ಕಡಿಮೆ ಕೊಡುತ್ತಾರೆ. ಆದರೂ ಆಸ್ಪತ್ರೆಯ ನಿತ್ಯದ ಖರ್ಚು ಅದರ ಸ್ವಂತ ದುಡಿಮೆಯಲ್ಲೇ ನಡೆಯುತ್ತದೆ. ಹಾರ್ವರ್ಡ್ ಬಿಸಿನೆಸ್ ಸ್ಕೂಲಿನಿಂದ 1993ರಲ್ಲೇ ಇದರ ಮೇಲೆ ಒಂದು ಪ್ರಕರಣ ಅಧ್ಯಯನ ಬಂತು. ಮ್ಯಾನೇಜ್‌ಮೆಂಟ್ ವಿದ್ಯಾರ್ಥಿಗಳು ಇದನ್ನು ಓದುವಾಗ ವೇಗ, ಸಂಖ್ಯೆ, ಖರ್ಚು ಉಳಿತಾಯ ಇವನ್ನೇ ಜಾಸ್ತಿ ನೋಡುತ್ತಾರೆ. ಅವೆಲ್ಲ ನಿಜ. ಆದರೆ ವೇಗ ಯಾಕೆ ಬೇಕಾಯಿತು, ಉಳಿದ ದುಡ್ಡು ಎಲ್ಲಿಗೆ ಹೋಯಿತು ಅನ್ನುವುದನ್ನು ತೀರ್ಮಾನಿಸಿದ್ದು ಆಸ್ಪತ್ರೆಯ ಉದ್ದೇಶ. ಆ ತೀರ್ಮಾನ ದಿನಾ ಬೆಳಿಗ್ಗೆ ತಪ್ಪದೆ ನಡೆಯುವಂತೆ ನೋಡಿಕೊಂಡದ್ದು ಕೆಲವರ ನಡತೆ. ದುಡ್ಡು ಇವೆರಡರ ಹಿಂದೆ ಬಂತು. ನನಗೆ ಈ ಪ್ರಕರಣದಲ್ಲಿ ಮುಖ್ಯವಾಗಿ ಕಾಣುವುದು ಈ ಕ್ರಮ.

ವೈದ್ಯರಾಗುವ ಮೊದಲು, ಆದ ಮೇಲೆ

ವೆಂಕಟಸ್ವಾಮಿ ಹುಟ್ಟಿದ್ದು 1918ರ ಅಕ್ಟೋಬರ್ 1ರಂದು, ತಮಿಳುನಾಡಿನ ವಡಮಲಾಪುರಂ ಎಂಬ ಹಳ್ಳಿಯಲ್ಲಿ. ರೈತರ ಮನೆ. ಕಾಗದ, ಪೆನ್ಸಿಲ್ ಸಿಗದ ಕಾಲ. ಮಕ್ಕಳು ಮರಳಿನ ಮೇಲೆ ಬರೆದು ಅಕ್ಷರ ಕಲಿಯುತ್ತಿದ್ದರು. ಬಂಧುಗಳಲ್ಲಿ ಕೆಲವು ಹೆಣ್ಣುಮಕ್ಕಳು ಬಸಿರು, ಬಾಣಂತನದಲ್ಲಿ ತೀರಿಕೊಂಡದ್ದನ್ನು ಹುಡುಗನಾಗಿದ್ದಾಗಲೇ ಕಂಡರು. ವೈದ್ಯನಾಗಬೇಕು, ಹೆರಿಗೆ ಮಾಡಿಸುವ ವೈದ್ಯನೇ ಆಗಬೇಕು ಎಂಬ ಆಸೆ ಅಲ್ಲಿಂದ ಬಂತು.

1944ರಲ್ಲಿ ಮದ್ರಾಸಿನ ಸ್ಟಾನ್ಲಿ ಮೆಡಿಕಲ್ ಕಾಲೇಜಿನಿಂದ ಪದವಿ ಪಡೆದರು. ನಂತರ ಸೈನ್ಯದ ವೈದ್ಯಕೀಯ ವಿಭಾಗ. ಅಲ್ಲಿದ್ದಾಗಲೇ ತೀವ್ರವಾದ ಸಂಧಿವಾತ ಹಿಡಿಯಿತು. ಸೈನ್ಯ ಬಿಡಬೇಕಾಯಿತು. ಆಗ ಅವರಿಗೆ ಮೂವತ್ತರ ಆಸುಪಾಸು. ತಿಂಗಳುಗಟ್ಟಲೆ ಹಾಸಿಗೆ ಹಿಡಿದರು. ಎದ್ದು ನಿಲ್ಲುವುದನ್ನು, ನಡೆಯುವುದನ್ನು ಮತ್ತೆ ಕಲಿಯಬೇಕಾಯಿತು. ಬೆರಳುಗಳು ಕೊನೆಗೂ ನೆಟ್ಟಗಾಗಲಿಲ್ಲ. ಹೆರಿಗೆಯ ವೈದ್ಯಕೀಯ ಕೈಬಿಟ್ಟು ಕಣ್ಣಿನ ವೈದ್ಯಕೀಯ ಓದಿದರು.

ಸೊಟ್ಟಗಾದ ಬೆರಳಲ್ಲಿ ಕಣ್ಣಿನ ಆಪರೇಷನ್! ಅದಕ್ಕೆ ಬೇಕಾದ ಹಾಗೆ ಉಪಕರಣಗಳನ್ನು ಮಾಡಿಸಿಕೊಂಡರು. ಚಾಕು ಹಿಡಿಯುವುದನ್ನು ನಿಧಾನಕ್ಕೆ ಅಭ್ಯಾಸ ಮಾಡಿದರು. ಮುಂದೆ ಒಂದೇ ದಿನದಲ್ಲಿ ನೂರು ಕಣ್ಣಿನ ಪೊರೆ ತೆಗೆಯುವಷ್ಟು ಪಳಗಿದರು. ಅವರು ಜೀವಮಾನದಲ್ಲಿ ಮಾಡಿದ ಆಪರೇಷನ್‌ಗಳು ಒಂದು ಲಕ್ಷಕ್ಕೂ ಜಾಸ್ತಿ. ಸರ್ಕಾರಿ ಕೆಲಸದಲ್ಲಿದ್ದಾಗಲೇ, 1973ರಲ್ಲಿ ಪದ್ಮಶ್ರೀ ಬಂತು.

ಇದನ್ನು ಸಾಹಸದ ಕಥೆ ಎಂದು ಓದಿ ಮುಂದೆ ಹೋಗುವುದು ಸುಲಭ. ಆದರೆ ಆಸ್ಪತ್ರೆಯ ಬೆಳವಣಿಗೆಗೆ ಇದರ ಲೆಕ್ಕವೂ ಇದೆ. ಮದುರೈನಲ್ಲಿ ಜನಕ್ಕೆ ಈ ಮನುಷ್ಯನ ಮೇಲೆ ಎರಡು ದಶಕದ ನಂಬಿಕೆ ಇತ್ತು. ಸರ್ಕಾರಿ ಆಸ್ಪತ್ರೆಯಲ್ಲಿ, ಹಳ್ಳಿಯ ಶಿಬಿರಗಳಲ್ಲಿ ಅವರ ಕೆಲಸ ನೋಡಿದ್ದವರು ಸಾವಿರಾರು ಜನ. ಬಂಡವಾಳ ಇಲ್ಲದೆ ಶುರುವಾದ ಆಸ್ಪತ್ರೆಗೆ ಮೊದಲ ರೋಗಿಗಳು ಬಂದದ್ದು ಆ ನಂಬಿಕೆಯಿಂದ.

ಬ್ಯಾಂಕಿನವರು ಇಲ್ಲ ಎಂದಾಗ

ಆ ಕಾಲದಲ್ಲಿ ದೇಶದಲ್ಲಿ ಕಣ್ಣು ಕಾಣದವರಲ್ಲಿ ಬಹುಪಾಲು ಜನಕ್ಕೆ ಇದ್ದದ್ದು ಕಣ್ಣಿನ ಪೊರೆ. ನಮ್ಮ ಉತ್ತರ ಕರ್ನಾಟಕದ ಕಡೆ ಮೋತಿಬಿಂದು ಎನ್ನುತ್ತಾರೆ. ಒಂದು ಸಣ್ಣ ಆಪರೇಷನ್‌ನಲ್ಲಿ ವಾಸಿಯಾಗುವಂಥದ್ದು. ಆದರೂ ಲಕ್ಷಾಂತರ ಜನ ಕುರುಡರಾಗಿಯೇ ಬದುಕು ಮುಗಿಸುತ್ತಿದ್ದರು. ಬೀಳಗಿಯಲ್ಲಿ ಹುಟ್ಟಿದ ನಮ್ಮ ಡಾ. ಎಂ.ಸಿ. ಮೋದಿ ಊರೂರಿಗೆ ಹೋಗಿ ಶಿಬಿರಗಳಲ್ಲಿ ಸಾವಿರಾರು ಪೊರೆ ತೆಗೆದದ್ದು ನಮ್ಮ ಹಿರಿಯರಿಗೆ ಚೆನ್ನಾಗಿ ನೆನಪಿದೆ. ಅವರಿಗೆ 1956ರಲ್ಲೇ ಪದ್ಮಶ್ರೀ ಬಂದಿತ್ತು. ವೆಂಕಟಸ್ವಾಮಿ ಅವರಿಗೂ ಶಿಬಿರದ ದಾರಿ ಹೊಸದಲ್ಲ. ಅವರ ಮುಂದಿದ್ದ ಪ್ರಶ್ನೆ ಬೇರೆ. ಒಬ್ಬ ವೈದ್ಯನ ಆಯಸ್ಸಿನ ಜೊತೆ ನಿಂತುಹೋಗದ ಹಾಗೆ ಈ ಕೆಲಸವನ್ನು ಕಟ್ಟುವುದು ಹೇಗೆ?

ಬ್ಯಾಂಕಿನಿಂದ ಸಾಲ ಹುಟ್ಟಲಿಲ್ಲ. 58 ವರ್ಷದ ನಿವೃತ್ತ ನೌಕರ, ಬಿಟ್ಟಿ ಚಿಕಿತ್ಸೆ ಕೊಡುತ್ತೇನೆ ಎನ್ನುವವರು. ಬ್ಯಾಂಕಿನವರನ್ನು ಪೂರ್ತಿ ತಪ್ಪು ಎನ್ನಲಾಗದು. ಆಗ ಮನೆ ಅಡವಿಟ್ಟರು. ಮನೆಯ ಹೆಣ್ಣುಮಕ್ಕಳ ಒಡವೆಯೂ ಒತ್ತೆ ಹೋಯಿತು. ಗೋವೆಲ್ ಎಂಬ ಟ್ರಸ್ಟ್ ಮಾಡಿಕೊಂಡರು. ತಂಗಿ ಡಾ. ನಾಚ್ಚಿಯಾರ್, ಅವರ ಗಂಡ ಡಾ. ನಂಪೆರುಮಾಳ್‌ಸಾಮಿ ಇಬ್ಬರೂ ಕಣ್ಣಿನ ವೈದ್ಯರು. ಅಮೆರಿಕದಲ್ಲಿ ತರಬೇತಿ ಪಡೆದು ಬಂದಿದ್ದವರು. ನಂಪೆರುಮಾಳ್‌ಸಾಮಿ ಅವರ ತಂಗಿ ಡಾ. ವಿಜಯಲಕ್ಷ್ಮಿ, ಅವರ ಗಂಡ ಡಾ. ಎಂ. ಶ್ರೀನಿವಾಸನ್ ಕೂಡ ಕೈಜೋಡಿಸಿದರು. ವೆಂಕಟಸ್ವಾಮಿ ಅವರ ತಮ್ಮ ಜಿ. ಶ್ರೀನಿವಾಸನ್ ಎಂಜಿನಿಯರ್. ಕಟ್ಟಡ ಮತ್ತು ಹಣಕಾಸು ಅವರ ಪಾಲಿಗೆ ಬಂತು. ಬಿಡುವಿಲ್ಲದ ಕೆಲಸ, ಕಡಿಮೆ ಸಂಬಳ. ಇಷ್ಟು ಓದಿದ ವೈದ್ಯರು ಆಗ ಸ್ವಂತ ಕ್ಲಿನಿಕ್ ಹಾಕಿಕೊಂಡಿದ್ದರೆ ಎಷ್ಟು ಗಳಿಸಬಹುದಿತ್ತು ಎಂದು ಯೋಚಿಸಿ ನೋಡಿ.

ಕಟ್ಟಡ ಒಂದೇ ಸಲಕ್ಕೆ ಏಳಲಿಲ್ಲ. ಕೆಳಗಿನ ಅಂತಸ್ತಿನ ಗಳಿಕೆಯಲ್ಲಿ ಮೇಲಿನ ಅಂತಸ್ತು ಎದ್ದಿತು. ಬಡವರಿಗೆ ಬೇರೆಯಾಗಿ 70 ಹಾಸಿಗೆಯ ಉಚಿತ ಆಸ್ಪತ್ರೆ 1978ರಲ್ಲೇ ಬಂತು. ಇಲ್ಲಿ ಗಮನಿಸಬೇಕಾದ್ದು ಇದೆ. ಹಣ ಕೊಡುವವರ ದೊಡ್ಡ ಕಟ್ಟಡ ಮುಗಿಸಿ, ಲಾಭ ಬಂದ ಮೇಲೆ ಬಡವರನ್ನು ನೋಡೋಣ ಎಂದು ಅವರು ಕಾಯಲಿಲ್ಲ. ಸಾಮಾನ್ಯವಾಗಿ ನಾವೆಲ್ಲ ಹಾಗೇ ಯೋಚಿಸುತ್ತೇವೆ, ಅಲ್ವಾ? ಮೊದಲು ಗಳಿಸೋಣ, ಆಮೇಲೆ ಕೊಡೋಣ ಅಂತ. ಆ ಆಮೇಲೆ ಎನ್ನುವುದು ಬಹಳ ಜನರ ಬದುಕಿನಲ್ಲಿ ಬರುವುದೇ ಇಲ್ಲ.

ಹೊರಗಿನ ನೆರವು ಬರಲಿಲ್ಲ ಎಂದಲ್ಲ. ಅಮೆರಿಕದ ಸೇವಾ ಫೌಂಡೇಷನ್, ಬ್ರಿಟನ್ನಿನ ಕಣ್ಣಿನ ಆರೋಗ್ಯದ ಸಂಸ್ಥೆಯೊಂದು ಉಪಕರಣ, ತರಬೇತಿ, ಶಿಬಿರಗಳಿಗೆ ಸಹಾಯ ಮಾಡಿದವು. ಹಳ್ಳಿಯ ಶಿಬಿರಗಳ ಖರ್ಚನ್ನು ಲಯನ್ಸ್, ರೋಟರಿ ಕ್ಲಬ್ಬಿನವರು, ಊರಿನ ವ್ಯಾಪಾರಿಗಳು ವಹಿಸಿಕೊಳ್ಳುತ್ತಿದ್ದರು. ಆದರೆ ದಾನ ಬಂದರೆ ಮಾತ್ರ ನಾಳೆ ಬಾಗಿಲು ತೆರೆಯುವುದು ಎಂಬ ಸ್ಥಿತಿ ಬರದಂತೆ ನೋಡಿಕೊಂಡರು.

ಎರಡು ಮೇಜು, ಒಬ್ಬ ವೈದ್ಯ

ವೆಂಕಟಸ್ವಾಮಿ ಅವರಿಗೆ ಶ್ರೀ ಅರವಿಂದರ ಜೊತೆಗೆ ಮೆಚ್ಚುಗೆಯಾದ ಇನ್ನೊಂದು ವಿಷಯ ಅಮೆರಿಕದ ಮೆಕ್‌ಡೊನಾಲ್ಡ್ಸ್. ಯಾವ ಊರಿನ ಅಂಗಡಿಗೆ ಹೋದರೂ ಅದೇ ರುಚಿ, ಅದೇ ಶುಚಿ, ಜನಸಾಮಾನ್ಯರಿಗೆ ಎಟಕುವ ಬೆಲೆ. ಅಲ್ಲಿ ಕೆಲಸ ಮಾಡುವವರು ಸಾಮಾನ್ಯ ಹುಡುಗ ಹುಡುಗಿಯರು, ಆದರೆ ತರಬೇತಿ ಗಟ್ಟಿ. ಕಣ್ಣಿನ ಚಿಕಿತ್ಸೆಯನ್ನೂ ಹೀಗೆ ಎಲ್ಲ ಕಡೆ ಒಂದೇ ಗುಣಮಟ್ಟದಲ್ಲಿ ಕೊಡಲು ಯಾಕಾಗಬಾರದು ಎಂದು ಅವರು ಕೇಳಿದರು.

ಅರವಿಂದದ ಆಪರೇಷನ್ ಥಿಯೇಟರಿನಲ್ಲಿ ಒಬ್ಬ ವೈದ್ಯರಿಗೆ ಎರಡು ಮೇಜು. ಒಂದರ ಮೇಲೆ ಆಪರೇಷನ್ ನಡೆಯುವಾಗ ಪಕ್ಕದ ಮೇಜಿನಲ್ಲಿ ಮುಂದಿನ ರೋಗಿ ತಯಾರಾಗಿರುತ್ತಾರೆ. ಮುಗಿದ ತಕ್ಷಣ ಮೈಕ್ರೋಸ್ಕೋಪ್ ಅತ್ತ ತಿರುಗುತ್ತದೆ. ಬೆಳಿಗ್ಗೆ ಬೇಗನೆ ಕೆಲಸ ಶುರು. ಹೀಗೆ ಒಬ್ಬ ವೈದ್ಯರು ವರ್ಷಕ್ಕೆ ಸುಮಾರು 2000 ಆಪರೇಷನ್ ಮಾಡುತ್ತಾರೆ. ಬೇರೆ ಕಡೆಯ ಸರಾಸರಿ ಕೆಲವು ನೂರು ಮಾತ್ರ. ಇಷ್ಟು ವೇಗದಲ್ಲಿ ಗುಣಮಟ್ಟ ಹಾಳಾಗುವುದಿಲ್ಲವೇ ಎಂಬ ಅನುಮಾನ ಸಹಜ. ಸೋಂಕು ಮತ್ತು ಇತರ ತೊಡಕುಗಳ ಅಂಕಿಗಳನ್ನು ಬ್ರಿಟನ್ನಿನ ಆಸ್ಪತ್ರೆಗಳ ಅಂಕಿಗಳ ಪಕ್ಕ ಇಟ್ಟು ನೋಡಿದಾಗ ಅರವಿಂದ ಹಿಂದೆ ಬಿದ್ದಿಲ್ಲ. ದಿನಾ ಒಂದೇ ಕೆಲಸ ಮಾಡುವ ಕೈ ಪಳಗುತ್ತದೆ. ತೊಡಕಾದರೆ ಬಚ್ಚಿಡದೆ ಬರೆದಿಟ್ಟು ಚರ್ಚಿಸುವ ಪದ್ಧತಿಯೂ ಇದೆ.

ಈ ವ್ಯವಸ್ಥೆಯ ಬೆನ್ನೆಲುಬು ಹಳ್ಳಿಯ ಹೆಣ್ಣುಮಕ್ಕಳು. ಪಿಯುಸಿ ಮಟ್ಟದ ಓದು ಮುಗಿಸಿದ ಹುಡುಗಿಯರನ್ನು ಆರಿಸಿ ಎರಡು ವರ್ಷ ತರಬೇತಿ ಕೊಡುತ್ತಾರೆ. ಕಣ್ಣಿನ ಪವರ್ ನೋಡುವುದು, ಒತ್ತಡ ಅಳೆಯುವುದು, ರೋಗಿಯನ್ನು ಆಪರೇಷನ್‌ಗೆ ಸಿದ್ಧ ಮಾಡುವುದು, ಮನೆಯವರಿಗೆ ತಿಳಿಸಿ ಹೇಳುವುದು, ಎಲ್ಲ ಇವರದೇ. ಸಿಬ್ಬಂದಿಯಲ್ಲಿ ಅರ್ಧಕ್ಕಿಂತ ಜಾಸ್ತಿ ಇವರೇ ಇದ್ದಾರೆ. ಆರಿಸುವಾಗ ಅಂಕಪಟ್ಟಿಗಿಂತ ಸ್ವಭಾವಕ್ಕೆ ಬೆಲೆ. ಹುಡುಗಿಯ ಅಪ್ಪ ಅಮ್ಮನನ್ನೂ ಕರೆದು ಮಾತಾಡಿಸುತ್ತಾರೆ. ನನಗೆ ಇದು ಬಹಳ ಹಿಡಿಸಿದ ಸಂಗತಿ. ಕೌಶಲ ಕಲಿಸಬಹುದು, ಕಣ್ಣು ಕಾಣದ ಮುದುಕಿಯ ಕೈ ಹಿಡಿದು ನಡೆಸುವ ಮೃದುತನವನ್ನು ಎರಡು ವರ್ಷದಲ್ಲಿ ಹೊಸದಾಗಿ ಬಿತ್ತುವುದು ಕಷ್ಟ ಎಂದು ಅವರು ಮೊದಲೇ ಕಂಡುಕೊಂಡಿದ್ದರು.

ಹಣ ಕೊಡುವವರಿಗೆ ಮತ್ತು ಕೊಡಲಾಗದವರಿಗೆ ಆಸ್ಪತ್ರೆಯ ಬಾಗಿಲು ಬೇರೆ. ಕೋಣೆ, ಹಾಸಿಗೆ, ಸೌಕರ್ಯ ಬೇರೆ. ವೈದ್ಯರು ಮಾತ್ರ ಅವರೇ, ಸರದಿಯ ಮೇಲೆ ಎರಡೂ ಕಡೆ ಹೋಗುತ್ತಾರೆ. ಯಾವ ಬಾಗಿಲಿಂದ ಒಳಗೆ ಬರಬೇಕು ಎನ್ನುವುದು ರೋಗಿಯ ಇಷ್ಟ. ಆದಾಯ ಪ್ರಮಾಣಪತ್ರ, ಬಿಪಿಎಲ್ ಕಾರ್ಡ್ ಏನೂ ಕೇಳುವುದಿಲ್ಲ. ಅನುಕೂಲಸ್ಥರು ಉಚಿತದ ಬಾಗಿಲಲ್ಲಿ ನುಗ್ಗಿದರೆ ಏನು ಗತಿ ಎಂದು ಯಾರಿಗಾದರೂ ಅನಿಸುತ್ತದೆ. ಅನುಭವದಲ್ಲಿ ಅದು ಸಮಸ್ಯೆಯಾಗಲಿಲ್ಲ. ಕೆಲವರು ಹಾಗೆ ಬಂದರೂ ಬರಲಿ, ಬಡವನೊಬ್ಬ ತನ್ನ ಬಡತನ ಸಾಬೀತು ಮಾಡಲು ಕಚೇರಿ ಕಚೇರಿ ಅಲೆಯುವುದು ಬೇಡ ಎಂಬ ಮನಸ್ಸು ಇದರ ಹಿಂದಿದೆ. ತಾಲ್ಲೂಕು ಕಚೇರಿಯ ಸಾಲಿನಲ್ಲಿ ನಿಂತು ಗೊತ್ತಿರುವವರಿಗೆ ಇದರ ಬೆಲೆ ತಿಳಿಯುತ್ತದೆ.

ಉಚಿತ ಎಂದರೂ ಜನ ಬರಲಿಲ್ಲ

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ಹೆಚ್ಚು ಕಲಿಸುವ ಭಾಗ ಇದು ಎಂದು ನನ್ನ ಅಭಿಪ್ರಾಯ.

ಮೊದಲ ವರ್ಷಗಳಲ್ಲಿ ಹಳ್ಳಿಗಳಲ್ಲಿ ಶಿಬಿರ ಮಾಡಿ ಕಣ್ಣು ಪರೀಕ್ಷೆ ಮಾಡುತ್ತಿದ್ದರು. ಪೊರೆ ಇದ್ದವರಿಗೆ, ಮದುರೈಗೆ ಬನ್ನಿ, ಆಪರೇಷನ್ ಉಚಿತ ಎಂದು ಹೇಳಿ ಕಳಿಸುತ್ತಿದ್ದರು. ಬಹಳ ಕಡಿಮೆ ಜನ ಬಂದರು. ಯಾವುದೇ ಆಸ್ಪತ್ರೆ ಇಲ್ಲಿ ಕೈ ತೊಳೆದುಕೊಳ್ಳಬಹುದಿತ್ತು. ನಾವು ಉಚಿತವಾಗಿ ಕೊಡುತ್ತೇವೆ ಎಂದೆವು, ಜನಕ್ಕೆ ತಿಳಿವಳಿಕೆ ಇಲ್ಲ, ನಾವೇನು ಮಾಡಲಿ ಎಂದು. ಅವರು ಹಾಗೆ ಮಾಡಲಿಲ್ಲ. ಬಾರದವರ ಮನೆಗೆ ಜನ ಕಳಿಸಿ ಕೇಳಿಸಿದರು.

ಕಾರಣಗಳು ಸರಳವಾಗಿದ್ದವು. ಬಸ್ಸಿಗೆ ದುಡ್ಡಿಲ್ಲ. ಆಸ್ಪತ್ರೆಯಲ್ಲಿ ಇದ್ದಷ್ಟು ದಿನ ಊಟಕ್ಕೆ ದುಡ್ಡಿಲ್ಲ. ಕಣ್ಣು ಕಾಣದವರು ಒಬ್ಬರೇ ಬರಲಾಗದು, ಜೊತೆಗೆ ಮಗನೋ ಮಗಳೋ ಬರಬೇಕು. ಅವರ ಕೂಲಿ ಹೋಗುತ್ತದೆ. ಭಯ ಬೇರೆ. ವಯಸ್ಸಾಯಿತು, ಇನ್ನು ಯಾಕೆ ಎನ್ನುವ ಮಾತು ಬೇರೆ. ಆಪರೇಷನ್ ಉಚಿತವಾದರೂ ಅದನ್ನು ಮಾಡಿಸಿಕೊಳ್ಳುವುದು ಬಡವರಿಗೆ ಉಚಿತವಾಗಿರಲಿಲ್ಲ.

ಆಮೇಲೆ ಶಿಬಿರದಿಂದಲೇ ಬಸ್ಸಿನಲ್ಲಿ ಕರೆದುಕೊಂಡು ಬರುವುದು ಶುರುವಾಯಿತು. ಆಪರೇಷನ್, ಊಟ, ಇರಲು ಜಾಗ, ಮತ್ತೆ ಊರಿಗೆ ವಾಪಸ್ ಬಿಡುವುದು, ಎಲ್ಲ ಆಸ್ಪತ್ರೆಯ ಹೊಣೆ. ಒಂದೇ ಊರಿನವರು ಗುಂಪಾಗಿ ಬಂದರೆ ಹೆದರಿಕೆಯೂ ಕಡಿಮೆ. ಮೊದಲೇ ಆಪರೇಷನ್ ಮಾಡಿಸಿಕೊಂಡು ಕಣ್ಣು ಬಂದವರು ಬೇರೆಯವರ ಮನೆಗೆ ಹೋಗಿ ಧೈರ್ಯ ಹೇಳಿದರೆ ಪರಿಣಾಮ ಜಾಸ್ತಿ ಎಂಬುದೂ ತಿಳಿಯಿತು. ಬರುವವರ ಸಂಖ್ಯೆ ಏರಿತು.

ಅಲ್ಲಿಗೂ ಅವರಿಗೆ ಸಮಾಧಾನವಾಗಲಿಲ್ಲ. ಅರವಿಂದದವರೂ ಸೇರಿ ನಡೆಸಿದ ಒಂದು ಅಧ್ಯಯನ 1999ರಲ್ಲಿ ಪ್ರಕಟವಾಯಿತು. ಕಣ್ಣಿನ ತೊಂದರೆ ಇದ್ದ ಹಳ್ಳಿಗರಲ್ಲಿ ಶಿಬಿರಕ್ಕೆ ಬಂದವರು ಶೇಕಡ 7ರಷ್ಟು ಮಾತ್ರ ಎಂದು ಅದು ತೋರಿಸಿತು. ಅಷ್ಟು ಹೊತ್ತಿಗೆ ಅರವಿಂದ ಜಗತ್ತಿಗೇ ಮಾದರಿ ಎಂದು ಹೆಸರಾಗಿತ್ತು. ಹೆಸರಿನಲ್ಲಿ ಮೈಮರೆಯಬಹುದಾದ ಹೊತ್ತು. ತಮ್ಮದೇ ಸೋಲನ್ನು ತಾವೇ ಅಳೆದು, ಅದನ್ನು ಎಲ್ಲರ ಮುಂದೆ ಇಡುವುದಕ್ಕೆ ಬೇರೆಯದೇ ಗಟ್ಟಿತನ ಬೇಕು. ದುಡ್ಡು ಗುರಿಯಾಗಿದ್ದರೆ ಬಂದ ರೋಗಿಗಳ ಸಂಖ್ಯೆ ನೋಡಿ ತೃಪ್ತಿಪಡಬಹುದಿತ್ತು. ಕುರುಡುತನ ಹೋಗಲಾಡಿಸುವುದು ಗುರಿಯಾಗಿದ್ದರಿಂದ ನೂರರಲ್ಲಿ ಬಾರದೇ ಉಳಿದ 93 ಜನ ಕಣ್ಣಿಗೆ ಬಿದ್ದರು.

2004ರಿಂದ ಹಳ್ಳಿಗಳ ಹತ್ತಿರವೇ ಸಣ್ಣ ಕಣ್ಣಿನ ಕೇಂದ್ರಗಳು ಶುರುವಾದವು. ತರಬೇತಿ ಪಡೆದ ಹೆಣ್ಣುಮಗಳು ಅಲ್ಲಿ ಪರೀಕ್ಷೆ ಮಾಡುತ್ತಾಳೆ. ಆಸ್ಪತ್ರೆಯ ವೈದ್ಯರು ವಿಡಿಯೊ ಮೂಲಕ ರೋಗಿಯ ಜೊತೆ ಮಾತಾಡುತ್ತಾರೆ. ದೂರಸಂಪರ್ಕದ ತಂತ್ರಜ್ಞಾನಕ್ಕೆ ಕ್ಯಾಲಿಫೋರ್ನಿಯಾದ ಬರ್ಕ್ಲಿ ವಿಶ್ವವಿದ್ಯಾಲಯದವರು ನೆರವಾದರು. ಕನ್ನಡಕ ಬದಲಿಸಿದರೆ ಸಾಕಾಗುವವರು ಪಟ್ಟಣಕ್ಕೆ ಹೋಗುವುದೇ ಬೇಡ.

ಬಡವರ ಕಣ್ಣಿಗೂ ಅದೇ ಲೆನ್ಸ್

ಪೊರೆ ತೆಗೆದ ಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕ ಹಾಕಿಕೊಂಡ ಅಜ್ಜ ಅಜ್ಜಿಯರನ್ನು ನಮ್ಮಲ್ಲಿ ಹಲವರು ನೋಡಿದ್ದೇವೆ. ಕನ್ನಡಕ ಒಡೆದರೆ ಮತ್ತೆ ಕುರುಡುತನ. 1980ರ ದಶಕದಲ್ಲಿ ಕಣ್ಣಿನ ಒಳಗೇ ಕೂರಿಸುವ ಲೆನ್ಸ್ ಬಂತು. ದೃಷ್ಟಿ ಬಹಳ ಉತ್ತಮ. ಆದರೆ ಹೊರದೇಶದ ಲೆನ್ಸಿನ ಬೆಲೆ ನೂರು ಡಾಲರ್ ಆಸುಪಾಸು. ಅರವಿಂದದಲ್ಲೂ ಹಣ ಕೊಡುವವರಿಗೆ ಲೆನ್ಸ್, ಬಡವರಲ್ಲಿ ಹೆಚ್ಚಿನವರಿಗೆ ದಪ್ಪ ಕನ್ನಡಕ ಎಂಬ ಸ್ಥಿತಿ ಬಂತು. ದಾನವಾಗಿ ಬರುವ ಲೆನ್ಸ್ ಸಾಕಾಗುತ್ತಿರಲಿಲ್ಲ.

ಇದು ಅವರನ್ನು ಕಾಡಿತು. ಬಡವರಿಗೆ ಇಷ್ಟು ಸಾಕು ಎಂಬ ವಾದ ಆಗ ಅಂತರರಾಷ್ಟ್ರೀಯ ತಜ್ಞರಲ್ಲೂ ಇತ್ತು. ಭಾರತದಲ್ಲಿ ಈ ಗುಣಮಟ್ಟದ ಲೆನ್ಸ್ ತಯಾರಿಸಲಾಗದು ಎಂದವರೂ ಇದ್ದರು. 1992ರಲ್ಲಿ ಮದುರೈನಲ್ಲಿ ಅರೋಲ್ಯಾಬ್ ಎಂಬ ಕಾರ್ಖಾನೆ ಶುರುವಾಯಿತು. ಸೇವಾ ಫೌಂಡೇಷನ್ ಮತ್ತು ಡೇವಿಡ್ ಗ್ರೀನ್ ಎಂಬ ಅಮೆರಿಕದವರು ಜೊತೆಯಾದರು. ಲೆನ್ಸಿನ ಬೆಲೆ ಹತ್ತು ಡಾಲರಿಗೆ, ಮುಂದೆ ಅದಕ್ಕೂ ಕೆಳಗೆ ಇಳಿಯಿತು. ಈಗ ನೂರಕ್ಕೂ ಹೆಚ್ಚು ದೇಶಗಳಿಗೆ ಅರೋಲ್ಯಾಬಿನ ಸರಕು ಹೋಗುತ್ತದೆ. ಮಾರುಕಟ್ಟೆ ಹಿಡಿಯಲು ಹೊರಟ ಕಾರ್ಖಾನೆಯಲ್ಲ ಅದು. ಎರಡು ಬಾಗಿಲಿನ ನಡುವಿನ ಒಂದು ಅನ್ಯಾಯ ಸರಿಪಡಿಸಲು ಹೊರಟದ್ದು. ಮಾರುಕಟ್ಟೆ ತಾನಾಗಿ ಬಂತು.

ಅದೇ ಹೊತ್ತಿಗೆ ತೆಗೆದುಕೊಂಡ ಇನ್ನೊಂದು ತೀರ್ಮಾನ ವ್ಯಾಪಾರದ ಲೆಕ್ಕಕ್ಕೆ ಸಿಗುವುದೇ ಇಲ್ಲ. ಲಯನ್ಸ್ ನೆರವಿನಲ್ಲಿ ಒಂದು ತರಬೇತಿ ಸಂಸ್ಥೆ ಕಟ್ಟಿದರು. ತಮ್ಮ ಕೆಲಸದ ಒಳಗುಟ್ಟನ್ನೆಲ್ಲ ಬೇರೆ ಆಸ್ಪತ್ರೆಗಳಿಗೆ ಕಲಿಸತೊಡಗಿದರು. ಭಾರತದ, ಆಫ್ರಿಕಾದ, ಏಷ್ಯಾದ ನೂರಾರು ಆಸ್ಪತ್ರೆಗಳು ಅಲ್ಲಿ ಕಲಿತಿವೆ. ಪಕ್ಕದ ಊರಿನ ಆಸ್ಪತ್ರೆ ಚೆನ್ನಾಗಿ ನಡೆದರೆ ನಮಗೆ ರೋಗಿಗಳು ಕಡಿಮೆಯಾಗುತ್ತಾರೆ ಎಂಬ ಹೆದರಿಕೆ ಅವರಿಗೆ ಬರಲಿಲ್ಲ. ಕಣ್ಣು ಕಾಣದವರ ಸಂಖ್ಯೆ ಇಳಿಯಬೇಕು, ಯಾರು ಇಳಿಸಿದರೂ ಸರಿ.

ಈ ಪ್ರಕರಣದ ಮಿತಿಗಳು

ಹಣಕ್ಕೆ ಬೆಲೆಯಿಲ್ಲ ಎಂದು ಅರವಿಂದದ ಉದಾಹರಣೆ ಕೊಟ್ಟು ಭಾಷಣ ಮಾಡಿದರೆ ಅದು ಸುಳ್ಳಾಗುತ್ತದೆ. ಅಲ್ಲಿ ಪೈಸೆ ಪೈಸೆಗೂ ಲೆಕ್ಕವಿದೆ. ಹಣ ಕೊಡುವ ರೋಗಿಗಳು ಬರದಿದ್ದರೆ ಉಚಿತದ ಬಾಗಿಲು ಮುಚ್ಚಬೇಕಾಗುತ್ತದೆ, ಮತ್ತು ಅವರು ಬರುವುದು ಚಿಕಿತ್ಸೆ ಚೆನ್ನಾಗಿದೆ ಎಂದು.

ರೋಗದ ಸ್ವರೂಪವೂ ಸಹಾಯ ಮಾಡಿದೆ. ಕಣ್ಣಿನ ಪೊರೆ ತುಂಬಾ ಜನಕ್ಕೆ ಬರುವಂಥದ್ದು, ಆಪರೇಷನ್ ಚಿಕ್ಕದು, ಒಂದೇ ಕ್ರಮದಲ್ಲಿ ಮಾಡಬಹುದು, ಫಲ ಬೇಗ ಕಾಣುತ್ತದೆ. ಕ್ಯಾನ್ಸರಿಗೋ ಮಾನಸಿಕ ಕಾಯಿಲೆಗೋ ಇದೇ ಅಚ್ಚು ಹೊಂದುವುದಿಲ್ಲ.

ಇನ್ನೊಂದು ಕಷ್ಟದ ಪ್ರಶ್ನೆ ಕುಟುಂಬದ್ದು. ಒಂದು ಮನೆತನ ಒಡವೆ ಒತ್ತೆ ಇಟ್ಟು ದುಡಿಯಿತು ಎಂದು ಎಲ್ಲ ವೈದ್ಯರಿಂದಲೂ ಅದೇ ತ್ಯಾಗ ಕೇಳುವುದು ನ್ಯಾಯವಲ್ಲ. ಮಕ್ಕಳ ಓದು, ಮನೆ ಸಾಲ ಇರುವ ಯುವ ವೈದ್ಯರು ಹೆಚ್ಚು ಸಂಬಳದ ಖಾಸಗಿ ಆಸ್ಪತ್ರೆಗೆ ಹೋದರೆ ಅದು ನಡತೆಯ ಕೊರತೆ ಎಂದು ನಾನಂತೂ ಹೇಳಲಾರೆ. ಅರವಿಂದದಿಂದಲೂ ವೈದ್ಯರು ಬಿಟ್ಟು ಹೋಗುತ್ತಾರೆ. ಅದಕ್ಕೇ ಹೊಸಬರಿಗೆ ತರಬೇತಿ ಕೊಡುವುದು ಅಲ್ಲಿ ಎಂದೂ ನಿಲ್ಲುವುದಿಲ್ಲ. ಕಲಿತು ಹೋದವರು ಬೇರೆ ಊರಿನಲ್ಲಿ ಕಣ್ಣು ನೋಡುತ್ತಾರೆ.

ವೆಂಕಟಸ್ವಾಮಿ 2006ರ ಜುಲೈ 7ರಂದು ತೀರಿಕೊಂಡರು. ಕಟ್ಟಿದವರು ಹೋದ ಮೇಲೆ ಸಂಸ್ಥೆ ಏನಾಗುತ್ತದೆ ಎಂಬುದೇ ಇಂಥ ಪ್ರಕರಣಗಳಲ್ಲಿ ನಿಜವಾದ ಪರೀಕ್ಷೆ. ಮೊದಲು ನಂಪೆರುಮಾಳ್‌ಸಾಮಿ, ಆಮೇಲೆ ಡಾ. ಆರ್.ಡಿ. ರವೀಂದ್ರನ್ ಮುನ್ನಡೆಸಿದರು. 2008ರಲ್ಲಿ ಜಾಗತಿಕ ಆರೋಗ್ಯದ ಕೆಲಸಕ್ಕೆ ಕೊಡುವ ಗೇಟ್ಸ್ ಪ್ರಶಸ್ತಿ, 2010ರಲ್ಲಿ ಮಾನವೀಯ ಸೇವೆಗೆ ಕೊಡುವ ಹಿಲ್ಟನ್ ಪ್ರಶಸ್ತಿ ಬಂದವು. ವೆಂಕಟಸ್ವಾಮಿ ಇದ್ದಾಗಲೇ ತೇನಿ, ತಿರುನೆಲ್ವೇಲಿ, ಕೊಯಮತ್ತೂರು, ಪುದುಚೇರಿಗೆ ಹರಡಿದ್ದ ಆಸ್ಪತ್ರೆ ಅವರ ನಂತರ ಚೆನ್ನೈ, ತಿರುಪತಿಗೂ ಹೋಯಿತು. ಹಣ ಕೊಡುವವರಿಂದ ಬಂದದ್ದರಲ್ಲಿ ಕೊಡಲಾಗದವರ ಕಣ್ಣು ನೋಡುವ ಕ್ರಮ ಅಲ್ಲೂ ನಡೆದಿದೆ.